ಹಳೆಯ ವೀಡ್ ಕಟರ್ ಅರ್ಧ ಚೋಕ್‌ನಲ್ಲಷ್ಟೇ ಓಡುತ್ತಿದೆಯೇ? ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಪರಿಚಯದವರಿಂದ ಹಳೆಯ ಟೂ-ಸ್ಟ್ರೋಕ್ ವೀಡ್ ಕಟರ್ (ಹುಲ್ಲು ಸವರುವ ಮಿಷನ್) ಒಂದನ್ನು ಕೊಂಡೆ. 40 ಸಿಸಿ ಆಸುಪಾಸಿನದು. ಬೆಳಿಗ್ಗೆ ಹಗ್ಗ ಎಳೆದು ಎಳೆದು ಕೈ ಸೋಲುತ್ತದೆ. ಸ್ಟಾರ್ಟ್ ಆದರೂ ಅರ್ಧ ಚೋಕ್ ಇಟ್ಟರೆ ಮಾತ್ರ ಓಡುತ್ತದೆ, ಚೋಕ್ ತೆಗೆದು ರೇಸ್ ಕೊಟ್ಟರೆ ಕುಸಿದು ಆಫ್ ಆಗುತ್ತದೆ. ಕಾಲು ಗಂಟೆ ತೋಟ ಸವರಿದ ಮೇಲೆ ತಾನಾಗಿ ನಿಲ್ಲುತ್ತದೆ, ತಣ್ಣಗಾಗುವ ತನಕ ಮತ್ತೆ ಹತ್ತುವುದಿಲ್ಲ. ರೇಸ್ ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಕಾರ್ಬೊರೇಟರ್‌ನ ಮೂರೂ ಸ್ಕ್ರೂ ತಿರುಗಿಸಿ ನೋಡಿದೆ. ಎಚ್ ಸ್ಕ್ರೂ (ಪೂರ್ತಿ ರೇಸ್‌ನ ಪೆಟ್ರೋಲ್ ಸ್ಕ್ರೂ) ಒಳಗೆ ಬಿಗಿದಾಗ ಸೌಂಡ್ ಚೆನ್ನಾಗಿ ಬರುತ್ತದೆ, ಆದರೆ ಬೇಗ ನಿಲ್ಲುತ್ತದೆ. ಗ್ಯಾರೇಜಿನವರು ಬೋರ್ ಕಿಟ್ (ಹೊಸ ಸಿಲಿಂಡರ್, ಪಿಸ್ಟನ್ ಜೋಡಿ) ಹಾಕಬೇಕು ಎನ್ನುತ್ತಾರೆ. ಹೊಸ ಕಾರ್ಬೊರೇಟರ್ ಹಾಕಿದರೆ ಸಾಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಆ ಮಿಷನ್ ಓಡಿಸುವುದನ್ನು ನಿಲ್ಲಿಸಿ.

ಯಾಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 'ಅರ್ಧ ಚೋಕ್ ಇಟ್ಟರೆ ಮಾತ್ರ ಓಡುತ್ತದೆ' ಎನ್ನುವುದು. ಚೋಕ್ ಹಾಕಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಜಾಸ್ತಿಯಾಗುತ್ತದೆ. ಹಾಗಿದ್ದಾಗ ಮಾತ್ರ ಎಂಜಿನ್ ಓಡುತ್ತದೆ ಎಂದರೆ, ಚೋಕ್ ಇಲ್ಲದಾಗ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಮೆಕ್ಯಾನಿಕ್‌ಗಳು ಇದನ್ನು 'ಲೀನ್' ಎನ್ನುತ್ತಾರೆ. ಬೈಕಿನಲ್ಲಿ ಲೀನ್ ಆದರೆ ಪಿಕಪ್ ಹೋಗುತ್ತದೆ, ಅಷ್ಟೇ ಎಂದು ಸುಮ್ಮನಿರಬಹುದು. ಟೂ-ಸ್ಟ್ರೋಕ್‌ನಲ್ಲಿ ಹಾಗಲ್ಲ. ಇಲ್ಲಿ ಪಿಸ್ಟನ್‌ಗೆ ಬೇಕಾದ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆ ಬಂದರೆ ಆಯಿಲೂ ಕಡಿಮೆ, ಮೇಲಿಂದ ಬಿಸಿ ಜಾಸ್ತಿ. ಹೀಗೇ ಓಡಿಸಿದರೆ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವರು ಹೇಳಿದ ಬೋರ್ ಕಿಟ್ ಆಗ ನಿಜಕ್ಕೂ ಬೇಕಾಗುತ್ತದೆ.

ಎಚ್ ಸ್ಕ್ರೂ ಒಳಗೆ ಬಿಗಿದಾಗ ಸೌಂಡ್ ಚೆನ್ನಾಗಿ ಬಂತು ಎಂದಿರಿ. ಮೋಸ ಇರುವುದೇ ಅಲ್ಲಿ. ಸ್ಕ್ರೂ ಬಲಕ್ಕೆ ತಿರುಗಿದಷ್ಟೂ ಪೆಟ್ರೋಲ್ ಕಡಿಮೆ. ಎಂಜಿನ್ ಚುರುಕಾಗಿ, ಕಿರುಚಿದ ಹಾಗೆ ಓಡುತ್ತದೆ. ಕೇಳಲು ಸೊಗಸು, ಒಳಗೆ ಪಿಸ್ಟನ್ ಬೇಯುತ್ತಿರುತ್ತದೆ.

ಈಗ ಕ್ರಮವಾಗಿ ಹೋಗೋಣ. ನಾನು ಯಾವ ಹಳೆಯ ಮಿಷನ್ ಬಂದರೂ ಮೊದಲು ಎಂಜಿನ್ನಿನ ಬಲ, ಆಮೇಲೆ ಕಿಡಿ, ಆಮೇಲೆ ಪೆಟ್ರೋಲ್ ದಾರಿ, ಆಮೇಲೆ ಕಳ್ಳಗಾಳಿ ನೋಡುತ್ತೇನೆ. ಸ್ಕ್ರೂಡ್ರೈವರ್ ಕೊನೆಗೆ. ಕಾರ್ಖಾನೆಯಲ್ಲಿ ಸರಿಯಾಗಿ ಕೂರಿಸಿದ ಸ್ಕ್ರೂಗಳು ತಾವಾಗಿ ತಿರುಗಿಕೊಳ್ಳುವುದು ತೀರಾ ಕಡಿಮೆ. ನಿನ್ನೆವರೆಗೆ ಚೆನ್ನಾಗಿದ್ದ ಎಂಜಿನ್ ಇವತ್ತು ಕೆಟ್ಟಿದೆ ಎಂದರೆ ಬೇರೆ ಏನೋ ಬದಲಾಗಿದೆ ಅಂತ ಅರ್ಥ.

ಮೊದಲು ಸೈಲೆನ್ಸರ್ ಬಿಚ್ಚಿ. ಎರಡು ಮೂರು ಬೋಲ್ಟ್, ಅಷ್ಟೇ. ಬಿಚ್ಚಿದರೆ ಸಿಲಿಂಡರ್‌ನ ಹೊಗೆ ಕಿಂಡಿ ಕಾಣುತ್ತದೆ, ಅದರ ಹಿಂದೆ ಪಿಸ್ಟನ್. ಟಾರ್ಚ್ ಬಿಟ್ಟು, ಹಗ್ಗವನ್ನು ನಿಧಾನ ಎಳೆಯುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಪಿಸ್ಟನ್ ಮೈ ನುಣ್ಣಗೆ, ಅಡ್ಡಡ್ಡ ಸಣ್ಣ ಗೆರೆಗಳೊಂದಿಗೆ ಕಂಡರೆ ಒಳ್ಳೆಯ ಸುದ್ದಿ. ಅವು ಕಾರ್ಖಾನೆಯ ಗೆರೆಗಳು. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದು, ಅಲ್ಯೂಮಿನಿಯಂ ಕರಗಿ ಸವರಿದ ಹಾಗಿದ್ದರೆ ಅದು ಒಮ್ಮೆ ಸೀಜ್ ಆಗಿಯೇ ನಿಮ್ಮ ಕೈಗೆ ಬಂದಿದೆ. ಗೀರು ಈ ಹೊಗೆ ಕಿಂಡಿಯ ಕಡೆಗೇ ಇದ್ದರೆ ಸಾಮಾನ್ಯವಾಗಿ ಲೀನ್ ಓಟ ಅಥವಾ ಆಯಿಲ್ ಕೊರತೆ ಕಾರಣ. ಕಾರ್ಬೊರೇಟರ್ ಕಡೆಯ ಮೈ ಸವೆದು ಮಂಕಾಗಿದ್ದರೆ ಏರ್ ಫಿಲ್ಟರ್ ಇಲ್ಲದೆ ಧೂಳು ಕುಡಿಸಿದ್ದಾರೆ. ರಿಂಗ್ ಕಿಂಡಿಯ ಎದುರು ಬಂದಾಗ ಬೆಂಕಿಕಡ್ಡಿಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಸ್ಪ್ರಿಂಗಿನಂತೆ ಒಳಗೆ ಹೋಗಿ ಬರಬೇಕು. ಅಲುಗದಿದ್ದರೆ ಕಾರ್ಬನ್‌ನಲ್ಲಿ ಕಚ್ಚಿಕೊಂಡಿದೆ.

ಕಿಂಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಕೆರೆಯಬಹುದು. ಪಿಸ್ಟನ್ ಆ ಕಿಂಡಿಯನ್ನು ಪೂರ್ತಿ ಮುಚ್ಚುವ ಹಾಗೆ ಮೇಲಕ್ಕೆ ತಂದು ನಿಲ್ಲಿಸಿ, ಮರದ ಚಕ್ಕೆಯಲ್ಲಿ ಕೆರೆಯಿರಿ, ಆಮೇಲೆ ಊದಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಬೇಡಿ, ಪಿಸ್ಟನ್‌ಗೆ ಗೀರು ಬೀಳುತ್ತದೆ. ಸೈಲೆನ್ಸರ್ ಬಾಯಲ್ಲಿ ಸಣ್ಣ ಜಾಲರಿ ಇದ್ದರೆ ಅದನ್ನೂ ಬಿಚ್ಚಿ ತಂತಿ ಬ್ರಷ್‌ನಲ್ಲಿ ಉಜ್ಜಿ. ಇದು ಮುಚ್ಚಿಹೋಗಿಯೇ 'ಎಂಜಿನ್ ಪವರ್ ಇಲ್ಲ' ಎಂದು ಗ್ಯಾರೇಜ್ ಸೇರುವ ಮಿಷನ್‌ಗಳು ಬೇಕಾದಷ್ಟಿವೆ.

ಜೊತೆಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವ ಗೇಜ್ ಇರುವವರ ಹತ್ತಿರ ಒಮ್ಮೆ ಅಳೆಸಿ. ಚೋಕ್ ತೆಗೆದು, ರೇಸ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. 120 ಪಿಎಸ್ಐ ಅಥವಾ ಮೇಲಿದ್ದರೆ ಚಿಂತೆಯಿಲ್ಲ. 100ರ ಸುತ್ತ ಇದ್ದರೂ ಕೆಲಸ ನಡೆಯುತ್ತದೆ. 90ರ ಕೆಳಗಿದ್ದರೆ ಸ್ಟಾರ್ಟ್ ಆಗುವುದೇ ಕಷ್ಟ, ಬಿಸಿಯಾದ ಮೇಲಂತೂ ಇನ್ನೂ ಕಷ್ಟ. ಆಗ ಮಾತ್ರ ಬೋರ್ ಕಿಟ್ ಮಾತು. ಗೇಜ್ ಹಾಕದೆ, ಸೈಲೆನ್ಸರ್ ಬಿಚ್ಚಿ ನೋಡದೆ ಬೋರ್ ಕಿಟ್ ಎಂದರೆ ಒಪ್ಪಬೇಡಿ. ಇನ್ನೊಂದು ಮಾತು: ಲೀನ್ ಆಗಲು ಕಾರಣ ಏನೆಂದು ಹುಡುಕದೆ ಹೊಸ ಕಿಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಪ್ಲಗ್ ಬಿಚ್ಚಿ ಬಣ್ಣ ನೋಡಿ. ತುದಿ ಬೆಳ್ಳಗಿದ್ದರೆ ನನ್ನ ಲೀನ್ ಅನುಮಾನ ಇನ್ನಷ್ಟು ಗಟ್ಟಿ. ತಿಳಿಕಂದು ಸರಿ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಜಾಸ್ತಿ. ಹಳೆಯ ಪ್ಲಗ್ ಉಜ್ಜುವುದಕ್ಕಿಂತ ಅದೇ ನಂಬರಿನ ಹೊಸದು ಹಾಕಿ, ಗ್ಯಾಪ್ 0.6 ಮಿಮೀ ಸುತ್ತಮುತ್ತ ಇರಲಿ. ಹಳೆಯದನ್ನು ಎಸೆಯಬೇಡಿ, ಮುಂದೆ ಕೆಲಸವಿದೆ.

ಇನ್ನು ಪೆಟ್ರೋಲ್. ನಿಮ್ಮ ರೋಗದ ಮೂಲ ಇಲ್ಲೇ ಇರುವ ಸಾಧ್ಯತೆ ಹೆಚ್ಚು.

ಟ್ಯಾಂಕಿನಲ್ಲಿ ಇರುವುದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಇಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಕ್ಯಾನ್ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದರೆ ಕೇಳಬೇಕೇ? ನೀರು ಜಾಸ್ತಿಯಾದಾಗ ನೀರೂ ಎಥನಾಲೂ ಸೇರಿ ಕೆಳಗೆ ಇಳಿಯುತ್ತವೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಬಾಟಲಿಯ ತಳದಲ್ಲಿ ಬೇರೆಯೇ ಪದರ ಕಂಡರೆ ಅದೇ ಇದು. ಆಯಿಲ್ ಮೇಲಿನ ಪದರದಲ್ಲಿ ಉಳಿಯುತ್ತದೆ, ಪೆಟ್ರೋಲ್ ಫಿಲ್ಟರ್ ಇರುವುದು ಟ್ಯಾಂಕಿನ ತಳದಲ್ಲಿ. ಎಂಜಿನ್ ಆಯಿಲ್ ಇಲ್ಲದ ನೀರು-ಎಥನಾಲ್ ಕುಡಿಯುತ್ತದೆ. ಅಂಥ ಪೆಟ್ರೋಲನ್ನು ಮತ್ತೆ ಕಲಕಿ ಬಳಸಬೇಡಿ.

ಹೊಸದಾಗಿ ತಂದು ಬೇರೆ ಕ್ಯಾನಿನಲ್ಲಿ ಕಲಸಿ. ಟ್ಯಾಂಕಿಗೇ ಪೆಟ್ರೋಲ್ ಹಾಕಿ ಮೇಲೆ ಅಂದಾಜಿಗೆ ಆಯಿಲ್ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಅಳತೆ ಮಿಷನ್ನಿನ ಪುಸ್ತಕದಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಹತ್ತಿರ ಇರುತ್ತದೆ. 1:50 ಎಂದಿದ್ದರೆ ಲೀಟರಿಗೆ 20 ಎಂಎಲ್, 1:25 ಎಂದಿದ್ದರೆ 40 ಎಂಎಲ್. ಸ್ಟಿಲ್ ಕಂಪನಿ ತನ್ನದೇ ಟೂ-ಸ್ಟ್ರೋಕ್ ಆಯಿಲ್‌ಗೆ 1:50, ಬೇರೆ ಕಂಪನಿಯ ಟೂ-ಸ್ಟ್ರೋಕ್ ಆಯಿಲ್‌ಗೆ 1:25 ಎಂದು ಹೇಳುತ್ತಾ ಬಂದಿದೆ. ಪುಸ್ತಕವೂ ಇಲ್ಲ, ಬರಹವೂ ಅಳಿಸಿದೆ ಎಂದಾದರೆ ಒಳ್ಳೆಯ ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಲೀಟರಿಗೆ 40 ಎಂಎಲ್ ಹಾಕಿ. ಹೊಗೆ ಸ್ವಲ್ಪ ಜಾಸ್ತಿ ಬರಬಹುದು, ಬರಲಿ. ಹಾಗಂತ ಸುಮ್ನೆ 60, 80 ಎಂಎಲ್ ಸುರಿಯಬೇಡಿ. ಆಯಿಲ್ ಹೆಚ್ಚಾದಷ್ಟು ಪೆಟ್ರೋಲ್ ಪಾಲು ಇಳಿದು ಮತ್ತೆ ಲೀನ್ ಕಡೆಗೇ ಹೋಗುತ್ತದೆ, ಪ್ಲಗ್ಗೂ ಕೊಳೆಯಾಗುತ್ತದೆ. ಬೈಕಿನ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ತೋಟಗಳಲ್ಲಿ ಫೋರ್-ಸ್ಟ್ರೋಕ್ ಮಿಷನ್‌ಗಳೂ ಇವೆ, ಹೋಂಡಾದ ಜಿಎಕ್ಸ್ 35 ಎಂಜಿನ್ ಅಂಥದ್ದು. ಅದಕ್ಕೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಬಾರದು, ಎಂಜಿನ್‌ಗೆ ಬೇರೆಯಾಗಿ ಆಯಿಲ್ ಹಾಕಬೇಕು.

ಟ್ಯಾಂಕ್ ಖಾಲಿ ಇರುವಾಗಲೇ ತುದಿ ಬಗ್ಗಿಸಿದ ತಂತಿಯಿಂದ ಒಳಗಿನ ಪೈಪ್ ಎಳೆದು ಫಿಲ್ಟರ್ ಹೊರತನ್ನಿ. ಕೊಳೆಯಾಗಿದ್ದರೆ ಹೊಸದು ಹಾಕಿ. ಪೈಪ್ ಟ್ಯಾಂಕಿನೊಳಗೆ ನುಗ್ಗುವ ಜಾಗದಲ್ಲಿ ಅದನ್ನು ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಚೆನ್ನಾಗಿಯೇ ಕಾಣುವ ಪೈಪ್ ಬಗ್ಗಿಸಿದ ಕೂಡಲೇ ಬಿರುಕು ತೋರಿಸುತ್ತದೆ. ಆ ಬಿರುಕಿನಿಂದ ಪೆಟ್ರೋಲ್ ಹೊರಗೆ ಸೋರಲೇಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪ್ರೈಮರ್ ಬಲ್ಬ್ (ಸ್ಟಾರ್ಟ್ ಮಾಡುವ ಮೊದಲು ಒತ್ತುವ ಮೆತ್ತನೆಯ ಗುಳ್ಳೆ) ಎಷ್ಟು ಒತ್ತಿದರೂ ಪೆಟ್ರೋಲ್ ತುಂಬದೆ ನೊರೆಯೇ ಬರುತ್ತಿದ್ದರೆ ಪೈಪ್ ಅಥವಾ ಬಲ್ಬ್ ಬಿರಿದಿದೆ. ಬೆಳಿಗ್ಗೆ ನಿಮ್ಮ ಕೈ ಸೋಲುವುದಕ್ಕೆ ಇಷ್ಟೇ ಕಾರಣ ಇದ್ದರೂ ಇರಬಹುದು.

ಇವೆಲ್ಲ ಸರಿಯಿದ್ದರೆ ಕಾರ್ಬೊರೇಟರ್ ಬಿಚ್ಚಿ. ಇದರಲ್ಲಿ ಬೈಕಿನ ಹಾಗೆ ತೇಲುವ ಫ್ಲೋಟ್ ಇಲ್ಲ, ಮಿಷನ್ ಹೇಗೆ ಓರೆ ಮಾಡಿದರೂ ಓಡಬೇಕಲ್ವಾ? ಅದಕ್ಕೇ ಎರಡು ಡಯಾಫ್ರಂ ಇವೆ. ಒಂದು ಪೆಟ್ರೋಲ್ ಎಳೆಯುತ್ತದೆ, ಇನ್ನೊಂದು ಎಷ್ಟು ಬಿಡಬೇಕೆಂದು ನೋಡಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೇ ಸ್ಕ್ರೂ ಇರುವ ಮುಚ್ಚಳದ ಕೆಳಗೆ ಮೊದಲನೆಯದು, ಅಲ್ಲೇ ಉಗುರಿಗಿಂತ ಸಣ್ಣ ಜಾಲರಿಯೂ ಇರುತ್ತದೆ. ನಾಲ್ಕು ಸ್ಕ್ರೂ ಇರುವ ಕಡೆ ಎರಡನೆಯದು. ಆ ಎರಡನೆಯದನ್ನು ಬೆರಳ ತುದಿಯಲ್ಲಿ ಮುಟ್ಟಿ. ಮೆತ್ತಗೆ, ಸಡಿಲವಾಗಿ ಅಲುಗಬೇಕು. ಒಣಗಿದ ಅಡಿಕೆ ಹಾಳೆಯ ಹಾಗೆ ಬಿರುಸಾಗಿ ಚರಚರ ಎಂದರೆ ಅದರ ಕಾಲ ಮುಗಿದಿದೆ. ಬಿರುಸಾದ ಡಯಾಫ್ರಂ ಪೆಟ್ರೋಲ್ ದಾರಿ ತೆರೆಯುವ ಲಿವರನ್ನು ಸರಿಯಾಗಿ ಒತ್ತುವುದಿಲ್ಲ, ಪೆಟ್ರೋಲ್ ಸಾಕಷ್ಟು ಬರುವುದಿಲ್ಲ. ಅರ್ಧ ಚೋಕ್ ಕಥೆಗೆ ನಾನು ಕಂಡಂತೆ ಇದೇ ಅತಿ ಸಾಮಾನ್ಯ ಕಾರಣ.

ಪೂರ್ತಿ ಕಾರ್ಬೊರೇಟರ್ ಬದಲು ಡಯಾಫ್ರಂ ಕಿಟ್ ಸಿಗುತ್ತದೆ. ಕಾರ್ಬೊರೇಟರ್ ಮೈ ಮೇಲೆ ವಾಲ್ಬ್ರೊ, ಝಾಮಾ ಎಂಬಂಥ ಹೆಸರು ಮತ್ತು ನಂಬರ್ ಕೆತ್ತಿರುತ್ತಾರೆ. ಅದರ ಫೋಟೋ ತೆಗೆದು ಅಂಗಡಿಗೆ ಹೋಗಿ. ಬಿಚ್ಚುವಾಗ ಪ್ಯಾಕಿಂಗ್ ಮೊದಲೋ ಡಯಾಫ್ರಂ ಮೊದಲೋ ಎಂದು ಎರಡೂ ಕಡೆ ಫೋಟೋ ತೆಗೆದಿಡಿ, ಎರಡು ಕಡೆ ಕ್ರಮ ಬೇರೆ ಬೇರೆ ಇರುತ್ತದೆ. ತೂತುಗಳಿಗೆ ತಂತಿ ಚುಚ್ಚಬೇಡಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನೂ ಜೋರಾಗಿ ಹೊಡೆಯಬೇಡಿ, ಒಳಗಿನ ತೆಳ್ಳನೆಯ ವಾಲ್ವ್ ಹಾಳಾಗುತ್ತದೆ. ಸ್ಪ್ರೇ ಮಾಡುವಾಗ ರಬ್ಬರ್ ಭಾಗಗಳು ಅದರಲ್ಲಿ ಇರಬಾರದು.

ತಿರುಗಿ ಕೂರಿಸುವಾಗ ಒಂದು ಜಾಗದಲ್ಲಿ ಬಹಳ ಜನ ಎಡವುತ್ತಾರೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್‌ನಲ್ಲಿ ದೊಡ್ಡ ತೂತಿನ ಪಕ್ಕ ಒಂದು ಸಣ್ಣ ತೂತಿರುತ್ತದೆ. ಎಂಜಿನ್ನಿನೊಳಗಿನ ಒತ್ತಡದ ಏರಿಳಿತ ಆ ತೂತಿನ ಮೂಲಕ ಬಂದೇ ಪಂಪ್ ಡಯಾಫ್ರಂ ಬಡಿಯುವುದು. ಪ್ಯಾಕಿಂಗ್ ತಿರುಗುಮುರುಗಾಗಿ ಹಾಕಿದರೆ ಆ ತೂತು ಮುಚ್ಚಿಕೊಂಡು ಪೆಟ್ರೋಲ್ ಮೇಲೆ ಬರುವುದೇ ಇಲ್ಲ. ನಿಮ್ಮ ಮಿಷನ್ನನ್ನು ಹಿಂದೆ ಯಾರಾದರೂ ಬಿಚ್ಚಿದ್ದರೆ ಇದನ್ನು ತಪ್ಪದೆ ನೋಡಿ. ಹೊಸ ಕಾರ್ಬೊರೇಟರ್ ಕೊಂಡರೂ ಅಷ್ಟೇ. ಬೋಲ್ಟ್ ಕೂತರೆ ಸಾಲದು, ಈ ಸಣ್ಣ ತೂತು ತೂತಿಗೇ ಸೇರಬೇಕು.

ಕಳ್ಳಗಾಳಿಯ ಲಕ್ಷಣ ಬೇರೆ. ರೇಸ್ ಬಿಟ್ಟ ಮೇಲೆ ಎಂಜಿನ್ ಥಟ್ಟನೆ ಇಳಿಯದೆ ಮೇಲೇ ನಿಂತು ನಿಧಾನ ಇಳಿಯುತ್ತದೆ, ಐಡಲ್‌ನಲ್ಲಿ (ರೇಸ್ ಕೊಡದೆ ಓಡುವಾಗ) ಏರುತ್ತಾ ಇಳಿಯುತ್ತಾ ಇರುತ್ತದೆ. ಮೊದಲು ಕಾರ್ಬೊರೇಟರ್ ಹಿಂದಿನ ಪ್ಲಾಸ್ಟಿಕ್ ತುಂಡಿನ ಬೋಲ್ಟ್ ಬಿಗಿಯಿದೆಯೇ, ಬಿರುಕಿದೆಯೇ ನೋಡಿ. ಬ್ಲೇಡ್ ಬಿಚ್ಚಿಟ್ಟು, ಐಡಲ್‌ನಲ್ಲಿ ಓಡುವಾಗ ಸಿರಿಂಜಿನಿಂದ ಬರೀ ಟೂ-ಟಿ ಆಯಿಲ್ ಎರಡು ಹನಿ ಆ ಜಾಯಿಂಟಿಗೆ ಬಿಡಿ. ಸೌಂಡ್ ಬದಲಾದರೆ ಸೋರಿಕೆ ಅಲ್ಲೇ. ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಬಿಸಿ ಎಂಜಿನ್ ಮೇಲೆ ಹೊಡೆದು ಪರೀಕ್ಷೆ ಮಾಡುವವರಿದ್ದಾರೆ. ಬೆಂಕಿ ಹತ್ತುತ್ತದೆ, ಬೇಡ.

ಈಗ ಬಿಸಿಯಾಗಿ ನಿಲ್ಲುವ ವಿಷಯ. ಇದನ್ನು ನಿಂತ ಕ್ಷಣದಲ್ಲೇ ಹಿಡಿಯಬೇಕು. ಮನೆಗೆ ಹೊತ್ತು ತಂದು, ಕಾಫಿ ಕುಡಿದು ನೋಡುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಡಯಾಫ್ರಂ ಕೆಲಸ ಮುಗಿಸಿದ ಮೇಲೆ ತೋಟಕ್ಕೆ ಹೋಗುವಾಗ ಆ ಹಳೆಯ ಪ್ಲಗ್, ಪ್ಲಗ್ ಸ್ಪ್ಯಾನರ್ ಜೇಬಿನಲ್ಲಿರಲಿ.

ನಿಂತ ಕೂಡಲೇ ಮುಖ ದೂರ ಇಟ್ಟು ಟ್ಯಾಂಕ್ ಮುಚ್ಚಳ ಮೆಲ್ಲಗೆ ಸಡಿಲಿಸಿ. 'ಸುಯ್' ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಮಿಷನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ಕಿಂಡಿ ಮುಚ್ಚಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಡಯಾಫ್ರಂ ಎಷ್ಟು ಎಳೆದೀತು? ಇದಲ್ಲ ಎಂದಾದರೆ ಕಿಡಿ ನೋಡಿ. ಎಂಜಿನ್ನಿನ ಪ್ಲಗ್ ಬಿಚ್ಚಬೇಡಿ, ಅದರ ಕ್ಯಾಪ್ ಮಾತ್ರ ತೆಗೆದು ಜೇಬಿನ ಪ್ಲಗ್‌ಗೆ ಹಾಕಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ಹಗ್ಗ ಎಳೆಯಿರಿ. ಟ್ಯಾಂಕ್ ಮುಚ್ಚಳ ಹಾಕಿರಬೇಕು. ನೆರಳಲ್ಲಿ ನೀಲಿ ಕಿಡಿ ಕಾಣಬೇಕು. ತಣ್ಣಗಿದ್ದಾಗ ಬರುವ ಕಿಡಿ ಬಿಸಿಯಲ್ಲಿ ಬರದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್ ಕೆಟ್ಟಿದೆ. ಹೊಸ ಕಾಯಿಲ್ ತರುವ ಮೊದಲು ಸ್ವಿಚ್ಚಿನ ವೈರ್ ಎಲ್ಲಾದರೂ ಸವೆದು ಲೋಹಕ್ಕೆ ತಾಗುತ್ತಿದೆಯೇ ನೋಡಿ. ಕಾಯಿಲ್ ಹಾಕುವಾಗ ಅದಕ್ಕೂ ಫ್ಲೈವೀಲ್ ಮ್ಯಾಗ್ನೆಟ್‌ಗೂ ನಡುವೆ 0.3 ಮಿಮೀ ಜಾಗ ಬೇಕು, ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಕಿಡಿಯೂ ಇದೆ, ಗಾಳಿಯೂ ಸರಿ ಎಂದಾದರೆ ಬಿಸಿಯಲ್ಲೇ ಕಂಪ್ರೆಷನ್ ಅಳೆಸಿ. ಅದಕ್ಕೂ ಮೊದಲು ಹಗ್ಗದ ಕವರ್ ಬಿಚ್ಚಿ ಸಿಲಿಂಡರಿನ ರೆಕ್ಕೆಗಳ ನಡುವೆ ಇಣುಕಿ. ಹಸಿ ಹುಲ್ಲಿನ ರಸ, ಧೂಳು, ಆಯಿಲ್ ಸೇರಿ ಅಲ್ಲಿ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಗಾಳಿ ಓಡದೆ ಎಂಜಿನ್ ಕುದಿಯುತ್ತದೆ. ಹಳೆಯ ಮಿಷನ್ ಎಂದ ಮೇಲೆ ಇದನ್ನು ಹೇಗೂ ಮಾಡಲೇಬೇಕು.

ಇಷ್ಟಾದ ಮೇಲೆ ಸ್ಕ್ರೂ. ಏರ್ ಫಿಲ್ಟರ್ ತೊಳೆದು ಒಣಗಿಸಿ ಹಾಕಿರಬೇಕು, ಗಾರ್ಡ್ ಇರಬೇಕು, ಬ್ಲೇಡ್ ಬದಲು ನೈಲಾನ್ ದಾರದ ಹೆಡ್ ಹಾಕಿ, ದಾರ ಗಾರ್ಡಿನ ಕತ್ತಿಗಿಂತ ಉದ್ದ ಇರಬಾರದು. ಗಾರ್ಡ್ ಕಿತ್ತು ದಾರ ಉದ್ದ ಬಿಟ್ಟರೆ ಎಂಜಿನ್ ಆ ಭಾರಕ್ಕೇ ಬಳಲುತ್ತದೆ, ನೀವು ಟ್ಯೂನಿಂಗ್ ಮೇಲೆ ಅನುಮಾನ ಪಡುತ್ತೀರಿ.

ಎಲ್ (ಐಡಲ್ ಮತ್ತು ಕಡಿಮೆ ರೇಸ್‌ನ ಪೆಟ್ರೋಲ್ ಸ್ಕ್ರೂ) ಮತ್ತು ಎಚ್ ಎರಡನ್ನೂ ಬಲಕ್ಕೆ ಮೆಲ್ಲಗೆ, ತಾಗುವ ತನಕ ಮಾತ್ರ ತಿರುಗಿಸಿ. ಬಿಗಿಯಬೇಡಿ, ಸೂಜಿಯ ತುದಿ ಹಾಳಾಗುತ್ತದೆ. ಅಲ್ಲಿಂದ ಎಡಕ್ಕೆ ಒಂದೊಂದು ಸುತ್ತು ಬಿಚ್ಚಿ. ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಎಚ್ ಸ್ಕ್ರೂಗೆ ತಡೆ ಕ್ಯಾಪ್ ಇದ್ದರೆ ಅದನ್ನು ಒಡೆಯದೆ, ಅದು ಬಿಡುವಷ್ಟರಲ್ಲೇ ಎಡಗಡೆಯಿಂದ ಶುರು ಮಾಡಿ. ಸ್ಟಾರ್ಟ್ ಮಾಡಿ, ಮೂರು ನಾಲ್ಕು ನಿಮಿಷ ಬಿಸಿಯಾಗಲಿ. ತಣ್ಣನೆಯ ಎಂಜಿನ್ ಟ್ಯೂನ್ ಮಾಡುವುದು ದಂಡ.

ಮೊದಲು ಎಲ್. ಐಡಲ್‌ನಲ್ಲಿ ಎಂಜಿನ್ ಅತಿ ಚುರುಕಾಗಿ ಓಡುವ ಜಾಗ ಹುಡುಕಿ, ಅಲ್ಲಿಂದ ಎಡಕ್ಕೆ ಸುತ್ತಿನ ಎಂಟನೇ ಒಂದು ಭಾಗ ಬಿಡಿ. ಥಟ್ಟನೆ ರೇಸ್ ಕೊಡಿ. ಕುಸಿದು ಸಾಯುವಂತಾದರೆ ಇನ್ನೂ ಲೀನ್, ಇನ್ನಷ್ಟು ಎಡಕ್ಕೆ. ಹೊಗೆಯಾಡಿ ಮುಗ್ಗರಿಸಿ ಏರಿದರೆ ಜಾಸ್ತಿಯಾಗಿದೆ, ಸ್ವಲ್ಪ ಬಲಕ್ಕೆ. ಆಮೇಲೆ ಐಡಲ್ ವೇಗದ ಮೂರನೆಯ ಸ್ಕ್ರೂ, ಕೆಲವದರಲ್ಲಿ ಟಿ ಎಂದೋ ಎಲ್ಎ ಎಂದೋ ಇರುತ್ತದೆ. ಎಂಜಿನ್ ಆಫ್ ಆಗದೆ, ಹೆಡ್ ಪೂರ್ತಿ ನಿಲ್ಲುವ ಹಾಗೆ ಇಡಿ.

ಎಚ್‌ಗೆ ಕಿವಿ ಬೇಕು. ಪೂರ್ತಿ ರೇಸ್ ಕೊಟ್ಟು ಕೆಲವೇ ಸೆಕೆಂಡ್ ಕೇಳಿ, ಬಿಡಿ. ಪೆಟ್ರೋಲ್ ಜಾಸ್ತಿ ಇರುವಾಗ ಎಂಜಿನ್ ಒಂದು ಸುತ್ತು ಉರಿದು ಒಂದು ಸುತ್ತು ತಪ್ಪಿ 'ಬ್ರ್ರ್ ಬ್ರ್ರ್' ಎಂದು ತೊದಲುತ್ತದೆ. ಸ್ವಲ್ಪ ಸ್ವಲ್ಪ ಬಲಕ್ಕೆ ತಿರುಗಿಸುತ್ತಾ ಬನ್ನಿ. ಖಾಲಿ ರೇಸ್‌ನಲ್ಲಿ ಆ ತೊದಲು ಲಘುವಾಗಿ ಉಳಿದಿದ್ದು, ಹುಲ್ಲಿಗೆ ಇಟ್ಟ ಕೂಡಲೇ ಸೌಂಡ್ ಸ್ವಚ್ಛವಾದರೆ ಅಲ್ಲೇ ನಿಲ್ಲಿಸಿ. ತೊದಲು ಪೂರ್ತಿ ಹೋಗಿ ಕಿರುಚಲು ಶುರುವಾಯಿತೆಂದರೆ ಮಿತಿ ದಾಟಿದ್ದೀರಿ, ಎಡಕ್ಕೆ ಬನ್ನಿ. ಎಥನಾಲ್ ಪೆಟ್ರೋಲ್ ತಾನೇ ಸ್ವಲ್ಪ ಲೀನ್ ಕಡೆಗೆ ಎಳೆಯುವುದರಿಂದ ನಾನಂತೂ ಎಚ್ ಸ್ಕ್ರೂ ಕೂದಲೆಳೆಯಷ್ಟು ಹೆಚ್ಚೇ ತೆರೆದಿಡುತ್ತೇನೆ. ಒಂದು ಟ್ಯಾಂಕ್ ಓಡಿಸಿ ಪ್ಲಗ್ ಬಣ್ಣ ಮತ್ತೆ ನೋಡಿ.

ಬ್ಲೇಡ್ ತಿರುಗುತ್ತಲೇ ಇರುವುದಕ್ಕೆ ಬಹುಶಃ ನಿಮ್ಮ ಅರ್ಧ ಚೋಕೇ ಕಾರಣ. ಬಹಳಷ್ಟು ಮಿಷನ್‌ಗಳಲ್ಲಿ ಸ್ಟಾರ್ಟ್ ಮಾಡಲು ಅನುಕೂಲವಾಗಲಿ ಎಂದು ಆ ಸ್ಥಾನದಲ್ಲಿ ರೇಸ್ ಸ್ವಲ್ಪ ತೆರೆದೇ ಇರುತ್ತದೆ. ಚೋಕ್ ಇಲ್ಲದೆ, ಐಡಲ್ ಸರಿಯಿದ್ದೂ ತಿರುಗಿದರೆ ಮೊದಲು ರೇಸ್ ಕೇಬಲ್ ತೀರಾ ಬಿಗಿಯಿದೆಯೇ ನೋಡಿ, ಆಮೇಲೆ ಕ್ಲಚ್ ಬಿಚ್ಚಿ. ಕ್ಲಚ್ ಶೂಗಳ ನಡುವಿನ ಸ್ಪ್ರಿಂಗ್ ಹಿಗ್ಗಿದ್ದರೆ ಅಥವಾ ತುಂಡಾಗಿದ್ದರೆ ಅವು ಐಡಲ್‌ನಲ್ಲೂ ಡ್ರಮ್ಮಿಗೆ ಉಜ್ಜುತ್ತವೆ. ಇದು ಸರಿಯಾಗುವ ತನಕ ಲೋಹದ ಬ್ಲೇಡ್ ಹಾಕಿ ತೋಟಕ್ಕೆ ಇಳಿಯಬೇಡಿ. ಇಳಿಜಾರಿನಲ್ಲಿ, ಒದ್ದೆ ಸೋಗೆಯ ಮೇಲೆ ಕಾಲು ಜಾರಿದಾಗ ರೇಸ್ ಬಿಟ್ಟರೆ ನಿಲ್ಲುತ್ತದೆ ಎಂಬ ಧೈರ್ಯ ಇರಬೇಕು.

ಡಯಾಫ್ರಂ, ಪೈಪ್, ಫಿಲ್ಟರ್ ಎಲ್ಲ ಹೊಸದಾಗಿಯೂ ಟ್ಯೂನಿಂಗ್ ನಿಲ್ಲದೆ, ಇವತ್ತು ಸರಿ ಮಾಡಿದ್ದು ನಾಳೆ ಲೀನ್ ಆಗುತ್ತಿದ್ದರೆ ಕ್ರ್ಯಾಂಕಿನ (ಪಿಸ್ಟನ್ ಬಲದಿಂದ ತಿರುಗುವ ದಂಡದ) ಎರಡು ಪಕ್ಕದ ಆಯಿಲ್ ಸೀಲ್ ಮೇಲೆ ಅನುಮಾನ. ಫ್ಲೈವೀಲ್ ಹಿಂದೆ ಅಥವಾ ಕ್ಲಚ್ ಹಿಂದೆ ಆಯಿಲ್ ಪಸೆ ಕಂಡರೆ ಇನ್ನೂ ಗಟ್ಟಿ. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಸರ್ವೀಸ್ ಸೆಂಟರಿಗೆ ಹೋದಾಗ 'ನೋಡಿ ಕೊಡಿ' ಎನ್ನಬೇಡಿ. 'ಕ್ರ್ಯಾಂಕ್‌ಕೇಸ್ ಪ್ರೆಷರ್ ಟೆಸ್ಟ್, ವ್ಯಾಕ್ಯೂಮ್ ಟೆಸ್ಟ್ ಎರಡೂ ಮಾಡಿ' ಎಂದೇ ಕೇಳಿ. ಕೆಲವು ಸೀಲ್‌ಗಳು ಒತ್ತಡ ತಡೆದರೂ ಎಳೆತಕ್ಕೆ ಸೋರುತ್ತವೆ.